ಫಲ ಯಾರದು, ಹೊಣೆ ಯಾರದು?

ಹಾಸನದಿಂದ ಸಾಲಗಾಮೆ ಕಡೆಗೆ ಹೋಗುವ ದಾರಿಗೆ ಸಾಲಗಾಮೆ ರಸ್ತೆ ಎಂದೇ ಹೆಸರು. ಸಾಲಗಾಮೆ ಒಂದು ಹೋಬಳಿ ಕೇಂದ್ರ. ಆಲೂಗೆಡ್ಡೆ, ರಾಗಿ, ಮುಸುಕಿನ ಜೋಳ ಬೆಳೆಯುವ ಸೀಮೆ. ಆ ಊರಿನ ಹೆಸರು ದೇಶದ ಉದ್ದಗಲಕ್ಕೂ ಲಕೋಟೆಗಳ ಮೇಲೆ ಓಡಾಡುವುದು ಈ ರಸ್ತೆಯ ಬದಿಯಲ್ಲಿರುವ ಎರಡು ಸಂಸ್ಥೆಗಳಿಂದಾಗಿ. ಒಂದು, 1960ರಲ್ಲಿ ಶುರುವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜು. ಇನ್ನೊಂದು, ಇನ್ಸಾಟ್ ಉಪಗ್ರಹಗಳನ್ನು ನೆಲದಿಂದ ನೋಡಿಕೊಳ್ಳಲೆಂದು 1982ರಲ್ಲಿ ಇಸ್ರೊ ನೆಲೆಗೊಳಿಸಿದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ; ಊರವರ ಬಾಯಲ್ಲಿ ಎಂಸಿಎಫ್.

ಆ ಕೇಂದ್ರ ಕಣ್ಣುಬಿಟ್ಟದ್ದೇ ಒಂದು ಸೋಲಿನ ಎದುರು. 1982ರ ಏಪ್ರಿಲ್ 10ರಂದು ಅಮೆರಿಕದಿಂದ ಹಾರಿದ ಇನ್ಸಾಟ್-1ಎ ಏಳು ವರ್ಷ ಬಾಳಬೇಕಿತ್ತು. ಐದು ತಿಂಗಳು ತುಂಬುವುದರೊಳಗೆ, ಸೆಪ್ಟೆಂಬರ್‌ನಲ್ಲಿ, ದಿಕ್ಕು ಕಾಯ್ದುಕೊಳ್ಳಲು ಬೇಕಾದ ಇಂಧನ ಮುಗಿದು ಅದು ಕೈಬಿಟ್ಟುಹೋಯಿತು. ಮರುವರ್ಷ ಆಗಸ್ಟ್‌ನಲ್ಲಿ ಚಾಲೆಂಜರ್ ನೌಕೆಯಲ್ಲಿ ಹೋದ ಇನ್ಸಾಟ್-1ಬಿಯ ಸೌರಫಲಕವೂ ಮೊದಲಿಗೆ ಬಿಚ್ಚಿಕೊಳ್ಳಲಿಲ್ಲ. ಅದನ್ನು ಕಟ್ಟಿದ ಕಂಪನಿಯವರೂ ನಮ್ಮ ತಂತ್ರಜ್ಞರೂ ಸೆಪ್ಟೆಂಬರ್ ನಡುವಿನವರೆಗೆ ಹೆಣಗಿದ ಮೇಲೆ ಬಿಚ್ಚಿಕೊಂಡಿತು. ಆಮೇಲಿನ ವರ್ಷಗಳಲ್ಲಿ ದೂರದರ್ಶನ ಹಳ್ಳಿಹಳ್ಳಿಗೆ ಹರಡಿದ್ದು ಅದರ ಬಲದಿಂದ.

ಇಂಥ ಕೆಲಸ ಕೆಟ್ಟಾಗ ಕೆಡಿಸಿದವರು ಯಾರು? ಗೆದ್ದಾಗ ಗೆಲ್ಲಿಸಿದವರು ಯಾರು? ನೂರಾರು ಕೈ ಸೇರಿ ಮಾಡಿದ್ದು ಕುರ್ಚಿಯಲ್ಲಿ ಕೂತ ಒಬ್ಬರ ಹೆಸರಿಗೆ ಅಂಟಿಕೊಳ್ಳುವುದು ನ್ಯಾಯವೇ? ಇದನ್ನು ಆಡಳಿತ ಶಾಸ್ತ್ರದ ಪ್ರಶ್ನೆ ಎಂದು ತಳ್ಳಿಹಾಕುವಂತಿಲ್ಲ. ಗೀತೆ, ಜೈನ ಆಗಮ, ವಚನ ಎಲ್ಲವೂ ತಮ್ಮ ತಮ್ಮ ರೀತಿಯಲ್ಲಿ ಕೇಳಿಕೊಂಡ ಪ್ರಶ್ನೆ ಇದು. ರಾಷ್ಟ್ರಪತಿ ಭವನದಲ್ಲಿ ಕೂತವರು ಇದನ್ನು ಎದುರಿಸಿದ್ದಾರೆ. ಶಾಲೆಯ ಮುಖ್ಯೋಪಾಧ್ಯಾಯಿನಿ, ಬಸ್ ಡಿಪೊದ ಮ್ಯಾನೇಜರ್, ಹಾಲಿನ ಡೈರಿಯ ಅಧ್ಯಕ್ಷ, ಬೆಂಗಳೂರಿನ ಕಂಪನಿಯಲ್ಲಿ ಹತ್ತು ಜನರ ತಂಡ ನಡೆಸುವ ಹಾಸನದ ಹುಡುಗಿ, ಇವರೆಲ್ಲ ದಿನಾ ಎದುರಿಸುತ್ತಾರೆ.

ಮುಂದೆ ರಾಷ್ಟ್ರಪತಿಯಾದ ಎ.ಪಿ.ಜೆ. ಅಬ್ದುಲ್ ಕಲಾಂ ಈ ಪ್ರಶ್ನೆಗೆ ಉತ್ತರ ಕಲಿತದ್ದು 1979ರ ಆಗಸ್ಟ್ 10ರ ಬೆಳಿಗ್ಗೆ, ಶ್ರೀಹರಿಕೋಟದಲ್ಲಿ. ಎಸ್‌ಎಲ್‌ವಿ-3 ರಾಕೆಟ್‌ನ ಮೊದಲ ಹಾರಾಟ ಅಂದು. ಯೋಜನೆಯ ನಿರ್ದೇಶಕರು ಕಲಾಂ. ಕೌಂಟ್‌ಡೌನ್ ಕೊನೆಯ ನಿಮಿಷಗಳಿಗೆ ಬಂದಾಗ ಕಂಪ್ಯೂಟರ್ ತಡೆಯೊಡ್ಡಿತು. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಆಮ್ಲ ಸೋರುತ್ತಿತ್ತು. ತಜ್ಞರು ಸೋರಿಕೆ ಸಣ್ಣದು, ಉಳಿದಿರುವುದು ಸಾಕು ಎಂದರು. ಕಲಾಂ ಒಪ್ಪಿ, ತಡೆಯನ್ನು ಬದಿಗೊತ್ತಿ ರಾಕೆಟ್ ಹಾರಿಸಿದರು. ಮೊದಲ ಹಂತ ಚೆನ್ನಾಗಿ ಉರಿಯಿತು. ಎರಡನೆಯದು ಹಿಡಿತ ತಪ್ಪಿತು. ಐದು ನಿಮಿಷ ಕಳೆಯುವಷ್ಟರಲ್ಲಿ ವರ್ಷಗಳ ದುಡಿಮೆ ಬಂಗಾಳ ಕೊಲ್ಲಿಯ ಪಾಲಾಯಿತು.

ಆಗ ಇಸ್ರೊ ಅಧ್ಯಕ್ಷರು ಸತೀಶ್ ಧವನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಅವರೇ. ಪತ್ರಕರ್ತರು ಕಾದು ಕೂತಿದ್ದರು, ಉತ್ತರಿಸಬೇಕಾದವರು ಕಲಾಂ ಎಂದೇ ಎಲ್ಲರ ಎಣಿಕೆ. ಧವನ್ ಕಲಾಂ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾವೇ ಮಾತಾಡಿದರು. ಸೋತದ್ದು ನಿಜ, ಸಂಸ್ಥೆಯ ಮುಖ್ಯಸ್ಥನಾಗಿ ಹೊಣೆ ನನ್ನದು, ಈ ತಂಡಕ್ಕೆ ಇನ್ನಷ್ಟು ಬೆಂಬಲ ಬೇಕು, ಮುಂದಿನ ಸಲ ಇವರು ಗೆಲ್ಲುತ್ತಾರೆ ಎಂಬರ್ಥದ ಮಾತು. 1980ರ ಜುಲೈ 18ರಂದು ಅದೇ ತಂಡ 35 ಕಿಲೊ ತೂಕದ ರೋಹಿಣಿಯನ್ನು ಕಕ್ಷೆಗೆ ಸೇರಿಸಿತು. ಅಂದು ಪತ್ರಿಕಾಗೋಷ್ಠಿಗೆ ಹೋಗಿ ಮಾತಾಡಲು ಧವನ್ ಕಲಾಂ ಅವರಿಗೇ ಹೇಳಿದರು.

ಈ ಕಥೆಯನ್ನು ಕಲಾಂ ದೇಶದ ನೂರಾರು ಸಭೆಗಳಲ್ಲಿ ಹೇಳಿದರು. ನಾಯಕತ್ವದ ತರಬೇತಿ ಶಿಬಿರಗಳಲ್ಲಿ ಅದು ಇಂದಿಗೂ ಬರುತ್ತದೆ. ಆದರೆ ಅಲ್ಲಿ ಬಹುಪಾಲು ಅರ್ಧ ಕಥೆಯಷ್ಟೇ ಬರುತ್ತದೆ. ಇನ್ನರ್ಧ ನಡೆದದ್ದು ಬಾಗಿಲು ಮುಚ್ಚಿದ ಕೋಣೆಯಲ್ಲಿ. ಹಾರಾಟದ ಬಳಿಕ ಸೋಲಿನ ಕಾರಣವನ್ನು ತಜ್ಞರು ಎಳೆಎಳೆಯಾಗಿ ಬಿಡಿಸಿದರು. ಕವಾಟವೊಂದರಲ್ಲಿ ಕಸ ಸಿಕ್ಕಿ ಅದು ಮುಚ್ಚಿಕೊಳ್ಳದೆ ಆಮ್ಲವೆಲ್ಲ ಸೋರಿಹೋಗಿತ್ತು. ಧವನ್ ಎದುರಿನ ಆ ಸಭೆಯಲ್ಲಿ ಕಲಾಂ ಎದ್ದು ನಿಂತು, ಸೋರಿಕೆಯನ್ನು ಸಣ್ಣದೆಂದು ಎಣಿಸಿದ ತಪ್ಪು ತಮ್ಮದು, ನಿರ್ದೇಶಕನಾಗಿ ತಾವು ಹಾರಾಟ ನಿಲ್ಲಿಸಬೇಕಿತ್ತು ಎಂದರು. ಆತ್ಮಕಥೆಯಲ್ಲಿ ಅವರೇ ಇದನ್ನು ಬರೆದಿದ್ದಾರೆ. ಹೊರಗೆ ಒಬ್ಬರು, ಒಳಗೆ ಇನ್ನೊಬ್ಬರು, ಒಂದೇ ಸೋಲಿಗೆ ಇಬ್ಬರೂ ಹೆಗಲು ಕೊಟ್ಟರು. ಹೊರಗಿನ ರಕ್ಷಣೆ ಇದ್ದುದರಿಂದ ಒಳಗೆ ನಿಜ ಹೇಳಲು ಧೈರ್ಯ ಬಂತು. ಒಳಗೆ ನಿಜ ಹೊರಬಿದ್ದುದರಿಂದಲೇ ಮರುವರ್ಷದ ರಾಕೆಟ್ ಹಾರಿತು. ಧವನ್ ಮಾಡಿದ್ದು ತಪ್ಪು ಮುಚ್ಚಿಡುವ ಕೆಲಸವಲ್ಲ ಎಂಬುದು ಇಲ್ಲಿ ಮುಖ್ಯ.

ಇದನ್ನು ಗೀತೆಯ ಪಕ್ಕದಲ್ಲಿಟ್ಟು ನೋಡಬೇಕು. ಕರ್ಮದಲ್ಲಿ ಅಧಿಕಾರ, ಫಲದಲ್ಲಿ ಅಲ್ಲ ಎನ್ನುವ ಎರಡನೆಯ ಅಧ್ಯಾಯದ ಶ್ಲೋಕ ಇಂದು ಕಚೇರಿಗಳಲ್ಲಿ ವಿಚಿತ್ರ ರೀತಿಯಲ್ಲಿ ಬಳಕೆಯಾಗುತ್ತಿದೆ. ರಾತ್ರಿ ಹತ್ತರವರೆಗೆ ದುಡಿದ ಕಿರಿಯ ನೌಕರ ಬಡ್ತಿಯ ಮಾತೆತ್ತಿದರೆ, ಕೆಲಸ ಮಾಡ್ತಾ ಹೋಗಪ್ಪ, ಫಲ ಕೇಳಬಾರದು ಅಂತ ಗೀತೆಯಲ್ಲೇ ಇದೆಯಲ್ಲ ಎಂಬ ಉತ್ತರ. ಹೇಳಿದವರು ತಮ್ಮ ಸಂಬಳ ಏರಿಕೆಯನ್ನು ಬಿಟ್ಟುಕೊಟ್ಟ ಉದಾಹರಣೆ ಅಪರೂಪ. ಗೀತೆ ಬಿಡಲು ಹೇಳಿದ್ದು ತನ್ನ ಫಲದ ಆಸೆಯನ್ನು. ಇನ್ನೊಬ್ಬನ ಫಲವನ್ನು ಅವನ ಕೈಯಿಂದ ಬಿಡಿಸಿಕೊಳ್ಳುವ ಅಧಿಕಾರವನ್ನು ಯಾವ ಶ್ಲೋಕವೂ ಯಾರಿಗೂ ಕೊಟ್ಟಿಲ್ಲ. ಅದನ್ನು ಬೋಧಿಸಿದವನು ತಾನೇ ಆಯುಧ ಹಿಡಿಯದೆ ಇನ್ನೊಬ್ಬನ ರಥದ ಹಗ್ಗ ಹಿಡಿದು ಕೂತಿದ್ದ ಎಂಬುದನ್ನೂ ಮರೆಯಬಾರದು.

ಅದೇ ಗ್ರಂಥದ ಹದಿನೆಂಟನೆಯ ಅಧ್ಯಾಯ ಇನ್ನೂ ಹರಿತವಾದ ಮಾತನ್ನು ಹೇಳುತ್ತದೆ, ಅದರ ಬಗ್ಗೆ ಚರ್ಚೆ ಕಡಿಮೆ. ಯಾವುದೇ ಕೆಲಸ ನಡೆಯಲು ಐದು ಕಾರಣ ಬೇಕು: ಅಧಿಷ್ಠಾನ, ಕರ್ತೃ, ಕರಣ, ಬಗೆಬಗೆಯ ಚೇಷ್ಟೆ, ಕೊನೆಗೆ ದೈವ. ಹೀಗಿರುವಾಗ ತಾನೊಬ್ಬನೇ ಮಾಡಿದೆ ಎಂದುಕೊಳ್ಳುವವನಿಗೆ ಕಣ್ಣಿದ್ದೂ ಕಾಣುವುದಿಲ್ಲ ಎಂಬುದು ಅಲ್ಲಿನ ತಾತ್ಪರ್ಯ. ಶ್ರೀಹರಿಕೋಟದ ಉಡ್ಡಯನ ವೇದಿಕೆ ಅಧಿಷ್ಠಾನ. ಕವಾಟ ಕರಣ. ಸಾವಿರ ಜನರ ಓಡಾಟ ಚೇಷ್ಟೆ. ಕವಾಟದೊಳಗೆ ಸಿಕ್ಕಿದ ಕಸಕ್ಕೆ ದೈವ ಎನ್ನದೆ ಇನ್ನೇನು ಎನ್ನುವುದು? 2019ರಲ್ಲಿ ಹಾಸನ ಜಿಲ್ಲೆ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಮೊದಲು ಬಂದಾಗ ಶ್ರೇಯ ಯಾರಿಗೆ ಸಲ್ಲಬೇಕೆಂದು ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಅಧಿಕಾರಿಗಳ ಹೆಸರು ಬಂತು, ರಾಜಕಾರಣಿಗಳ ಹೆಸರು ಬಂತು. ಸಂಜೆ ತರಗತಿ ಮಾಡಿದ ಮೇಷ್ಟ್ರುಗಳ, ಹಟ್ಟಿ ಕೆಲಸ ಮಗಳಿಗೆ ಹಚ್ಚದೆ ಪುಸ್ತಕ ಕೊಟ್ಟು ಕೂರಿಸಿದ ತಾಯಂದಿರ ಮಾತು ಅಷ್ಟಾಗಿ ಕೇಳಿಬರಲಿಲ್ಲ. ಐದು ಕಾರಣಗಳ ಲೆಕ್ಕ ಗೊತ್ತಿದ್ದವರು ಆ ಜಗಳಕ್ಕೆ ಇಳಿಯುತ್ತಲೇ ಇರಲಿಲ್ಲ.

ಗೀತೆಗೆ 1948ರಲ್ಲಿ ಇಂಗ್ಲಿಷ್ ವ್ಯಾಖ್ಯಾನ ಬರೆದ ಸರ್ವೆಪಲ್ಲಿ ರಾಧಾಕೃಷ್ಣನ್ ಎರಡನೆಯ ರಾಷ್ಟ್ರಪತಿ. ಅವರ ಬಾಳಿನ ಮೂರು ವರ್ಷ ಮೈಸೂರಿನದು. 1918ರಲ್ಲಿ ಮಹಾರಾಜ ಕಾಲೇಜಿಗೆ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. 1921ರಲ್ಲಿ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ, ತಾವೇ ಎಳೆದುಕೊಂಡು ರೈಲು ನಿಲ್ದಾಣಕ್ಕೆ ಕರೆದೊಯ್ದರು. ಆ ಹುಡುಗರಿಗೆ ಅವರಿಂದ ಇನ್ನು ಯಾವ ಲಾಭವೂ ಆಗುವುದಿರಲಿಲ್ಲ, ಪರೀಕ್ಷೆಯ ಅಂಕ ಕೂಡ. ಫಲ ಕೇಳದೆ ದುಡಿದವರಿಗೆ ಅದು ಬಂದು ಸೇರುವ ಬಗೆಗಳಲ್ಲಿ ಇದೂ ಒಂದು. ಇಂದಿನ ಹಿರಿಯ ಅಧಿಕಾರಿಗಳ ಬೀಳ್ಕೊಡುಗೆಯ ಶಾಲು, ಹಾರಗಳಲ್ಲಿ ಎಷ್ಟು ಭಾಗ ಕುರ್ಚಿಗೆ, ಎಷ್ಟು ಭಾಗ ಮನುಷ್ಯನಿಗೆ ಎಂದು ಹೇಳುವುದು ಕಷ್ಟ.

ಜೈನ ದರ್ಶನದ ಕಡೆಯಿಂದ ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಒಬ್ಬರ ಕರ್ಮವನ್ನು ಇನ್ನೊಬ್ಬರು ಹೊರಲಾಗದು, ಪ್ರತಿ ಜೀವವೂ ತಾನು ಕಟ್ಟಿಕೊಂಡದ್ದನ್ನು ತಾನೇ ಕಳೆದುಕೊಳ್ಳಬೇಕು, ದೇವರು ಕೂಡ ನಡುವೆ ಬರುವುದಿಲ್ಲ. ಹಾಗಾದರೆ ಧವನ್ ಹೊತ್ತದ್ದು ಏನನ್ನು? ಕರ್ಮವೇ ಬೇರೆ, ಹೊಣೆಯೇ ಬೇರೆ ಎಂದು ಬಿಡಿಸಿ ನೋಡಿದರೆ ಉತ್ತರ ಸಿಗುತ್ತದೆ. ಸೋರಿಕೆಯನ್ನು ಹಗುರವಾಗಿ ಎಣಿಸಿದ ಕರ್ಮ ಎಣಿಸಿದವರದೇ. ಕಲಾಂ ಅದನ್ನು ಯಾರಿಗೂ ದಾಟಿಸಲಿಲ್ಲ. ಲೋಕದ ಮುಂದೆ ಉತ್ತರ ಕೊಡುವ ಹೊಣೆ ಮಾತ್ರ ಮೇಲಿನವರ ಹೆಗಲಿಗೆ ಏರಬಲ್ಲದು, ಏರಬೇಕು. ಕೆಟ್ಟ ಕಚೇರಿಗಳಲ್ಲಿ ನಡೆಯುವುದು ಇದರ ತಲೆಕೆಳಗು. ಅಲ್ಲಿ ಹೊಣೆಯಷ್ಟೇ ಅಲ್ಲ, ಮೇಲಿನವರ ಕರ್ಮವೂ ಕೆಳಗೆ ಇಳಿಯುತ್ತದೆ. ಸೇತುವೆ ಬಿರುಕು ಬಿಟ್ಟರೆ ಅಮಾನತಾಗುವವನು ಕಿರಿಯ ಎಂಜಿನಿಯರ್. ಅಂದಾಜು ಪಟ್ಟಿಗೆ ಸಹಿ ಹಾಕಿದವರ ಹೆಸರು ಉದ್ಘಾಟನೆಯ ಕಲ್ಲಿನಲ್ಲಿ ಹಾಗೇ ಉಳಿಯುತ್ತದೆ.

ಕಲ್ಲಿನ ಮೇಲಿನ ಹೆಸರಿನ ವಿಚಾರದಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನಷ್ಟು ಆಳವಾದ ಪಾಠ ಬೇರೆಡೆ ಸಿಗುವುದು ವಿರಳ. ಶ್ರವಣಬೆಳಗೊಳದ ಬಾಹುಬಲಿಯನ್ನು ಸುಮಾರು 981ರಲ್ಲಿ ಮಾಡಿಸಿದವನು ಗಂಗರ ಮಂತ್ರಿ, ದಂಡನಾಯಕ ಚಾವುಂಡರಾಯ. ವಿಗ್ರಹದ ಪಾದದ ಬಳಿ ಕನ್ನಡದಲ್ಲಿ, ತಮಿಳಿನಲ್ಲಿ, ಮರಾಠಿಯಲ್ಲಿ ಅವನು ಮಾಡಿಸಿದ ಎಂದೇ ಕೆತ್ತಿದೆ. ಸುತ್ತಾಲಯ ಕಟ್ಟಿಸಿದ ಗಂಗರಾಜನ ಹೆಸರೂ ಅಲ್ಲಿದೆ. ಉಳಿ ಹಿಡಿದವನ ಹೆಸರಿಲ್ಲ.

ಜನರ ಮನಸ್ಸು ಇದನ್ನು ಹಾಗೇ ಬಿಡಲಿಲ್ಲ. ಐತಿಹ್ಯವೊಂದನ್ನು ಕಟ್ಟಿತು. ಮೊದಲ ಅಭಿಷೇಕಕ್ಕೆ ಚಾವುಂಡರಾಯ ಕೊಡಗಟ್ಟಲೆ ಹಾಲು ತರಿಸಿದ. ಇಂಥ ಮೂರ್ತಿ ನಿಲ್ಲಿಸಿದೆ ಎಂಬ ಹಮ್ಮು ಮನಸ್ಸಿನಲ್ಲಿ. ಎಷ್ಟು ಸುರಿದರೂ ಹಾಲು ತೊಡೆಯಿಂದ ಕೆಳಕ್ಕೆ ಇಳಿಯಲೇ ಇಲ್ಲ. ಮುದುಕಿಯೊಬ್ಬಳು ಗುಳ್ಳಕಾಯಿಯ ಸಿಪ್ಪೆಯಲ್ಲಿ ತಂದಿದ್ದ ಚೂರು ಹಾಲನ್ನು ಎರೆದಾಗ ಅದು ಇಡೀ ಮೈ ತೋಯಿಸಿ ಬೆಟ್ಟದಿಂದ ಕೆಳಕ್ಕೆ ಹರಿಯಿತು. ಗುಳ್ಳಕಾಯಜ್ಜಿಯ ವಿಗ್ರಹ ಇಂದಿಗೂ ಬಾಹುಬಲಿಯ ಎದುರಿಗೆ ನಿಂತಿದೆ. ಮಾಡಿಸಿದವನ ಕಣ್ಣೆದುರೇ ಅವಳಿಗೆ ಜಾಗ ಕೊಟ್ಟ ಸಮಾಜ ನಾಯಕತ್ವದ ಬಗ್ಗೆ ಬಹಳ ಯೋಚಿಸಿದ ಸಮಾಜ. ಬಾಹುಬಲಿಯ ಕಥೆಯೇ ಗೆದ್ದ ಗಳಿಗೆಯಲ್ಲಿ ಗೆಲುವನ್ನು ಬಿಟ್ಟವನ ಕಥೆ. ಆದರೂ ಅಣ್ಣ ಭರತನ ನೆಲದ ಮೇಲೆ ನಿಂತಿದ್ದೇನೆಂಬ ಮುಳ್ಳು ಅವನ ಮನಸ್ಸಿನಿಂದ ಹೋಗುವವರೆಗೆ ಕೇವಲಜ್ಞಾನ ಬರಲಿಲ್ಲ ಎಂದು ಕವಿಗಳು ಹೇಳುತ್ತಾರೆ. ಬಿಟ್ಟೆ ಎಂಬುದರಲ್ಲೂ ನಾನು ಉಳಿದಿರುತ್ತದೆ ಎಂಬುದನ್ನು ಅವರು ಕಂಡಿದ್ದರು.

ಅದೇ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಕಥೆ ಬೇರೆ. 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದ ಹೊರಗೋಡೆಯ ವಿಗ್ರಹಗಳ ಕೆಳಗೆ ಶಿಲ್ಪಿಗಳ ಹೆಸರಿದೆ. ಒಂದು ಪಕ್ಕದ ಗೋಡೆ ಬೈಚೋಜನದು, ಇನ್ನೊಂದು ಪಕ್ಕದ್ದು ಮಲ್ಲಿತಮ್ಮನದು. ಹೊಯ್ಸಳರ ಕಾಲದಲ್ಲಿ ಇದು ವಾಡಿಕೆ. ಬೇಲೂರಿನಲ್ಲೂ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣರ ಹೆಸರು ಸಿಗುತ್ತವೆ. ಮಾಡಿಸಿದವನ ಹೆಸರು ಶಾಸನದಲ್ಲಿ, ಮಾಡಿದವನ ಹೆಸರು ಕೆಲಸದ ಮೇಲೆ. ಅದರಿಂದ ದಂಡನಾಯಕನಿಗೆ ಕಡಿಮೆಯಾದದ್ದು ಏನೂ ಇಲ್ಲ. ವರದಿಯ ಕೊನೆಯ ಪುಟದಲ್ಲಿ ಅದನ್ನು ಬರೆದವರ ಹೆಸರು ಹಾಕಲು ಹಿಂಜರಿಯುವ ಇಂದಿನ ಮುಖ್ಯಸ್ಥರು ಒಮ್ಮೆ ನುಗ್ಗೇಹಳ್ಳಿಗೆ ಹೋಗಿ ಆ ಗೋಡೆಗಳನ್ನು ಸುತ್ತಿ ಬರಬೇಕು.

ಆದರೆ ಕನ್ನಡ ನಾಡು ಕಂಡ ಅಧ್ಯಕ್ಷ ಪೀಠಗಳಲ್ಲೆಲ್ಲ ಅಚ್ಚರಿಯದು ಕಲ್ಯಾಣದ ಶೂನ್ಯ ಸಿಂಹಾಸನ. ಅನುಭವ ಮಂಟಪವನ್ನು ಕಟ್ಟಿದವರು ಬಸವಣ್ಣನವರು ಎಂದು ಪರಂಪರೆ ಹೇಳುತ್ತದೆ. ದೊರೆ ಬಿಜ್ಜಳನ ಭಂಡಾರ ಅವರ ಕೈಯಲ್ಲಿತ್ತು, ಜನರ ಪ್ರೀತಿ ಬೆನ್ನಿಗಿತ್ತು. ಆ ಪೀಠದಲ್ಲಿ ಅವರೇ ಕೂತಿದ್ದರೆ ಯಾರೂ ಬೇಡ ಎನ್ನುತ್ತಿರಲಿಲ್ಲ. ಕೂರಿಸಿದ್ದು ಅಲ್ಲಮನನ್ನು, ಮದ್ದಳೆ ನುಡಿಸುತ್ತಿದ್ದ ಬಳ್ಳಿಗಾವೆಯ ಅಲೆಮಾರಿ ಜಂಗಮನನ್ನು. ಹದಿನೈದನೆಯ ಶತಮಾನದಲ್ಲಿ ಸಂಕಲನಗೊಂಡ ಶೂನ್ಯಸಂಪಾದನೆ ಇಡೀ ಈ ಅಧ್ಯಕ್ಷನ ಪ್ರಶ್ನೆಗಳ ಸುತ್ತ ಕಟ್ಟಿದ ಗ್ರಂಥ. ಅಲ್ಲಿ ಅಲ್ಲಮ ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಬಸವಣ್ಣನವರಿಗೂ ಇಲ್ಲ.

ಸೊನ್ನಲಿಗೆಯ ಸಿದ್ಧರಾಮನ ಪ್ರಸಂಗವನ್ನು ಪ್ರತಿ ಇಲಾಖೆಯ ಮುಖ್ಯಸ್ಥರೂ ಓದಬೇಕು. ಸಿದ್ಧರಾಮ ಜನೋಪಕಾರಿ; ಕೆರೆ ಕಟ್ಟಿಸಿದ, ಗುಡಿ ಕಟ್ಟಿಸಿದ, ಸಾವಿರಾರು ಕೆಲಸಗಾರರನ್ನು ಒಟ್ಟುಗೂಡಿಸಿದ. ಅಲ್ಲಮ ಅಲ್ಲಿಗೆ ಬಂದು, ನಿಮ್ಮ ಒಡ್ಡರಾಮ ಎಲ್ಲಿ ಎಂದು ಕೇಳಿದ. ಮಣ್ಣು ಹೊರುತ್ತಿದ್ದವರು ಸಿಟ್ಟಿಗೆದ್ದು ಕಲ್ಲೆಸೆದರು. ಸಿದ್ಧರಾಮನೇ ಬಂದು ಎದುರು ನಿಂತಾಗ ನಡೆದ ಸಂವಾದದ ತಿರುಳು ಇಷ್ಟು: ಕೆರೆ ಒಳ್ಳೆಯದೇ, ಆದರೆ ನಾನು ಕಟ್ಟಿಸಿದೆ ಎಂಬುದು ಕಟ್ಟಿಸಿದವನಿಗೇ ಕಟ್ಟಾಗುತ್ತದೆ. ಸಿದ್ಧರಾಮ ಮಾತು ಕೇಳಿದ, ಕಲ್ಯಾಣಕ್ಕೆ ಹೋದ. ಜನೋಪಕಾರದ ಅಹಂಕಾರ ಉಳಿದ ಅಹಂಕಾರಗಳಿಗಿಂತ ಅಪಾಯದ್ದು, ಏಕೆಂದರೆ ಅದನ್ನು ಎತ್ತಿ ಹೇಳುವ ಎದೆಗಾರಿಕೆ ಸುತ್ತಲಿನವರಿಗೆ ಇರುವುದಿಲ್ಲ. ಸಿದ್ಧರಾಮನಿಗೆ ಒಬ್ಬ ಅಲ್ಲಮ ಸಿಕ್ಕಿದ. ಸಂಸ್ಥೆಯೊಳಗೆ ಅಂಥ ಪ್ರಶ್ನೆ ಕೇಳುವವರನ್ನು ಉಳಿಸಿಕೊಳ್ಳುವುದು ದೊಡ್ಡ ಕೆಲಸ ಹಿಡಿದ ಯಾರಿಗೂ ಮೊದಲ ಕರ್ತವ್ಯ. ಬಹುಪಾಲು ಶರಣರು ವಚನದ ಕೊನೆಗೆ ತಮ್ಮ ಹೆಸರಿಡದೆ ತಾವು ನಂಬಿದ ದೇವರ ಹೆಸರಿಟ್ಟದ್ದೂ ಇದೇ ಸಾಧನೆಯ ಭಾಗ.

ಇಲ್ಲಿಯವರೆಗಿನ ಮಾತೆಲ್ಲ ಅಧಿಕಾರ ಇದ್ದವರ ಬಗ್ಗೆ. ಅಧಿಕಾರ ಇಲ್ಲದೆ ಸಹಿ ಮಾತ್ರ ತಮ್ಮದಾಗಿರುವವರ ಪಾಡೇನು? ಇಂದಿನ ವೃತ್ತಿಪರರಲ್ಲಿ ಹೆಚ್ಚಿನವರು ಇಂಥವರೇ. ನಿರ್ಧಾರ ಮೇಲೆಲ್ಲೋ ಆಗಿರುತ್ತದೆ, ಹತ್ತು ಜನರನ್ನು ಕೆಲಸದಿಂದ ತೆಗೆಯುವ ಮಿಂಚಂಚೆ ಇವರ ಹೆಸರಿನಲ್ಲಿ ಹೋಗುತ್ತದೆ. ಭಾರತದ ರಾಷ್ಟ್ರಪತಿಯ ಸ್ಥಾನ ಈ ಇಕ್ಕಟ್ಟಿನ ದೊಡ್ಡ ರೂಪ. ಆದೇಶ ಹೊರಡುವುದು ಅವರ ಹೆಸರಿನಲ್ಲಿ, ನಡೆಯಬೇಕಾದದ್ದು ಮಂತ್ರಿಮಂಡಲದ ಸಲಹೆಯಂತೆ. 1975ರ ಜೂನ್ 25ರ ರಾತ್ರಿ ಫಕ್ರುದ್ದೀನ್ ಅಲಿ ಅಹ್ಮದ್ ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದಾಗ ಮಂತ್ರಿಮಂಡಲದ ಸಭೆಯೇ ನಡೆದಿರಲಿಲ್ಲ. ಅದು ಸೇರಿದ್ದು ಮರುದಿನ ಬೆಳಿಗ್ಗೆ. ಆ ಸಹಿಯ ಕರ್ಮ ಯಾರದು ಎಂದು ಇತಿಹಾಸ ಇನ್ನೂ ಕೇಳುತ್ತಲೇ ಇದೆ.

ಅಹ್ಮದ್ 1977ರ ಫೆಬ್ರುವರಿ 11ರಂದು ತೀರಿಕೊಂಡಾಗ ರಾಷ್ಟ್ರಪತಿಯ ಹೊಣೆ ಕನ್ನಡಿಗರೊಬ್ಬರ ಮೇಲೆ ಬಿತ್ತು. ಜಮಖಂಡಿ ಸೀಮೆಯ ಸಾವಳಗಿಯಲ್ಲಿ ಹುಟ್ಟಿ, ಜಮಖಂಡಿ ಪುರಸಭೆಯ ಅಧ್ಯಕ್ಷರಾಗಿ, 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಬಿ.ಡಿ. ಜತ್ತಿ ಆಗ ಉಪರಾಷ್ಟ್ರಪತಿ. 1964ರಲ್ಲಿ ಬೆಂಗಳೂರಿನಲ್ಲಿ ಬಸವ ಸಮಿತಿಯನ್ನು ಹುಟ್ಟುಹಾಕಿದವರೂ ಅವರೇ. ಮಾರ್ಚ್ ಚುನಾವಣೆಯಲ್ಲಿ ಜನತಾ ಪಕ್ಷ ಗೆದ್ದು, ಕಾಂಗ್ರೆಸ್ ಆಳುತ್ತಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಸಲಹೆ ಕಳಿಸಿತು. ಜತ್ತಿ ತಕ್ಷಣ ಸಹಿ ಹಾಕಲಿಲ್ಲ. ಹಳೆಯ ಪಕ್ಷದ ಮೇಲಿನ ಮಮತೆ ಎಂದು ಟೀಕೆ ಎದ್ದಿತು. ಹಿಂದಿನ ವರ್ಷದ 42ನೆಯ ತಿದ್ದುಪಡಿಯಂತೆ ಸಲಹೆಯನ್ನು ಒಪ್ಪದೆ ಗತಿಯಿರಲಿಲ್ಲ. ಏಪ್ರಿಲ್ 30ರಂದು ಸಹಿ ಬಿತ್ತು. ಅವರ ಮನಸ್ಸಿನಲ್ಲಿದ್ದದ್ದು ಪಕ್ಷವೋ ಆತ್ಮಸಾಕ್ಷಿಯೋ ಎಂಬ ವಾದ ಹಾಗಿರಲಿ. ಕಾಯಕ ತತ್ತ್ವವನ್ನು ಬಾಳೆಲ್ಲ ಪ್ರಚಾರ ಮಾಡಿದ ಮನುಷ್ಯನಿಗೆ, ತನ್ನದಲ್ಲದ ನಿರ್ಧಾರಕ್ಕೆ ತನ್ನ ಹೆಸರು ಬರೆಯುವುದು ಎಂಥ ಕಾಯಕ ಎಂಬ ಪ್ರಶ್ನೆ ಆ ದಿನಗಳಲ್ಲಿ ಎದುರಾಗದೆ ಇರಲು ಸಾಧ್ಯವಿಲ್ಲ. ಜುಲೈ 25ರಂದು ಹೊಸ ರಾಷ್ಟ್ರಪತಿ ಬಂದರು. ಜತ್ತಿ ಒಂದು ಮೆಟ್ಟಿಲು ಕೆಳಗಿನ ತಮ್ಮ ಹಳೆಯ ಪದವಿಗೆ ಮರಳಿ 1979ರವರೆಗೆ ಕೆಲಸ ಮಾಡಿದರು. ಮೇಲೇರಿದವರಿಗೆ ಕೆಳಗಿನ ಪದವಿಗೆ ಮರಳುವುದು ಸುಲಭವಲ್ಲ.

1978ರ 44ನೆಯ ತಿದ್ದುಪಡಿ ರಾಷ್ಟ್ರಪತಿಗೆ ಸಣ್ಣದೊಂದು ಬಾಗಿಲು ತೆರೆಯಿತು. ಸಲಹೆಯನ್ನು ಒಂದು ಸಲ, ಒಂದೇ ಸಲ, ಮರುಪರಿಶೀಲನೆಗೆ ಹಿಂದಿರುಗಿಸಬಹುದು. ಎರಡನೆಯ ಸಲ ಬಂದರೆ ಒಪ್ಪಲೇಬೇಕು.

ಕಲಾಂ 2005ರ ಮೇ ತಿಂಗಳಲ್ಲಿ ಮಾಸ್ಕೋದಲ್ಲಿದ್ದಾಗ ಬಿಹಾರ ವಿಧಾನಸಭೆ ವಿಸರ್ಜಿಸುವ ಸಲಹೆ ನಡುರಾತ್ರಿ ಬಂತು. ಅವರು ಆ ಬಾಗಿಲನ್ನು ಬಳಸದೆ ಸಹಿ ಹಾಕಿದರು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ವಿಸರ್ಜನೆ ಸಂವಿಧಾನಬಾಹಿರ ಎಂದಿತು. ವಿವರವಾದ ತೀರ್ಪು ಬಂದದ್ದು 2006ರ ಜನವರಿ 24ರಂದು, ಕಲಾಂ ಶ್ರವಣಬೆಳಗೊಳಕ್ಕೆ ಬಂದು ಮಹಾಮಸ್ತಕಾಭಿಷೇಕಕ್ಕೆ ಚಾಲನೆ ಕೊಟ್ಟ ತಿಂಗಳಲ್ಲೇ. ಕೋರ್ಟ್ ಬೊಟ್ಟು ಮಾಡಿದ್ದು ರಾಜ್ಯಪಾಲರ ವರದಿಯತ್ತ. ಆದರೂ ರಾಜೀನಾಮೆ ಪತ್ರ ಬರೆದಿಟ್ಟುಕೊಂಡಿದ್ದಾಗಿ, ಪ್ರಧಾನಿ ಬಂದು ಬೇಡ ಎಂದ ಮೇಲೆ ಮನಸ್ಸು ಬದಲಿಸಿದ್ದಾಗಿ ಕಲಾಂ ನಿವೃತ್ತಿಯ ಬಳಿಕ ಬರೆದರು. ಧವನ್ ಕಲಿಸಿದ ಪಾಠದಲ್ಲಿ ಇದು ಎಲ್ಲಕ್ಕಿಂತ ಕಠಿಣ ಪರೀಕ್ಷೆ. ಇಲ್ಲಿ ಅವರು ತೇರ್ಗಡೆಯಾದರೇ? ಬಿಡಲು ಸಿದ್ಧರಾಗಿದ್ದರು, ಬಿಡಲಿಲ್ಲ. ಹೊಣೆ ಹೊರುವುದೆಂದರೆ ಹೊರಟುಹೋಗುವುದು ಎಂಬುದು ಎಲ್ಲ ಕಾಲಕ್ಕೂ ನಿಜವಲ್ಲ, ಕೆಲವೊಮ್ಮೆ ಉಳಿದು ಮುಂದಿನ ಕಡತವನ್ನು ಇನ್ನಷ್ಟು ಎಚ್ಚರದಿಂದ ಓದುವುದೇ ಹೊಣೆ. ಅದೇ 2006ರ ಮೇ ತಿಂಗಳಲ್ಲಿ, ಲಾಭದಾಯಕ ಹುದ್ದೆಗಳ ಕುರಿತ ಮಸೂದೆಯನ್ನು ಅವರು ಸಂಸತ್ತಿಗೆ ಹಿಂದಿರುಗಿಸಿದರು. ಸಂಸತ್ತು ಮತ್ತೆ ಅಂಗೀಕರಿಸಿದ ಮೇಲೆ ಸಹಿ ಹಾಕಿದರು.

ಸಂಪುಟದ ಸಲಹೆಯನ್ನು ಹಿಂದಿರುಗಿಸುವ ಹಕ್ಕನ್ನು ಅತ್ಯಂತ ಚೊಕ್ಕವಾಗಿ ಬಳಸಿದವರು ಕಲಾಂ ಅವರಿಗಿಂತ ಮೊದಲಿದ್ದ ಕೆ.ಆರ್. ನಾರಾಯಣನ್. 1997ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಬೇಕೆಂಬ ಗುಜ್ರಾಲ್ ಸಂಪುಟದ ಸಲಹೆ ಬಂದಾಗ ಅದನ್ನು ಮರುಪರಿಶೀಲನೆಗೆ ಕಳಿಸಿದರು. ಅಲ್ಲಿನ ಮುಖ್ಯಮಂತ್ರಿ ಆಗಷ್ಟೇ ಸದನದಲ್ಲಿ ಬಹುಮತ ತೋರಿಸಿದ್ದರು. ಸಂಪುಟ ಸಲಹೆಯನ್ನು ಕೈಬಿಟ್ಟಿತು. ಮರುವರ್ಷ ವಾಜಪೇಯಿ ಸಂಪುಟ ಬಿಹಾರದ ವಿಷಯದಲ್ಲಿ ಇದೇ ಸಲಹೆ ಕಳಿಸಿದಾಗಲೂ ನಾರಾಯಣನ್ ಹಿಂದಿರುಗಿಸಿದರು. ಎರಡು ಬೇರೆ ಬೇರೆ ಪಕ್ಷಗಳ ಸರ್ಕಾರಗಳಿಗೆ ಒಂದೇ ಅಳತೆಗೋಲು. ಆ ಅಳತೆಗೋಲನ್ನು ಕೊಟ್ಟದ್ದು ಕರ್ನಾಟಕದ ಪ್ರಕರಣ: 1989ರ ಏಪ್ರಿಲ್‌ನಲ್ಲಿ ವಜಾಗೊಂಡ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಹೂಡಿದ ಹೋರಾಟದಲ್ಲಿ 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪು. ಬಹುಮತ ಇದೆಯೋ ಇಲ್ಲವೋ ಎಂಬುದು ತೀರ್ಮಾನವಾಗಬೇಕಾದದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ ಎಂದಿತು ಆ ತೀರ್ಪು.

ಸಹಿ ಮಾತ್ರ ತಮ್ಮದಾಗಿರುವ ಲಕ್ಷಾಂತರ ಉದ್ಯೋಗಿಗಳಿಗೆ ನಾರಾಯಣನ್ ಬಿಟ್ಟುಹೋದ ದಾರಿ ಇದು. ಮನೆ ಸಾಲದ ಕಂತು ಕಟ್ಟುತ್ತಿರುವವರಿಗೆ, ಊರಲ್ಲಿ ಅಪ್ಪ ಅಮ್ಮನ ಔಷಧಿ ಖರ್ಚು ನೋಡಿಕೊಳ್ಳುವವರಿಗೆ, ರಾಜೀನಾಮೆ ಎಸೆದು ಬಾ ಎಂದು ಉಪದೇಶಿಸುವುದು ಕ್ರೂರ. ಆದರೆ ಒಂದು ಸಲ ಹಿಂದಿರುಗಿಸಲು ಬಹುಪಾಲು ಜನರಿಗೆ ಆಗುತ್ತದೆ. ಪರೀಕ್ಷೆ ಮುಗಿಯದ ತಂತ್ರಾಂಶವನ್ನು ಗ್ರಾಹಕರಿಗೆ ಕೊಟ್ಟುಬಿಡು ಎಂಬ ಒತ್ತಡ ಬಂದಾಗ, ಅಳತೆಯಿಲ್ಲದ ಕಾಮಗಾರಿಯ ಬಿಲ್ಲಿಗೆ ಸಹಿ ಕೇಳಿದಾಗ, ನಿಯಮದ ಸಂಖ್ಯೆ ಬರೆದು, ಕಾರಣ ಬರೆದು, ದಯವಿಟ್ಟು ಇನ್ನೊಮ್ಮೆ ಪರಿಶೀಲಿಸಿ ಎಂದು ಕಡತವನ್ನು ಮೇಲಕ್ಕೆ ಕಳಿಸುವುದು. ಅದನ್ನು ಬಾಯಿಮಾತಿನಲ್ಲಿ ಗೊಣಗಿದರೆ ಸಾಲದು, ಬರೆದು ಕಳಿಸಬೇಕು; ಆಗ ಮೇಲಿನವರು ತಮ್ಮ ನಿರ್ಧಾರವನ್ನು ತಮ್ಮದೆಂದು ಎರಡನೆಯ ಸಲ ಹೇಳಬೇಕಾಗುತ್ತದೆ. ಹಾಗೆ ಹೇಳಬೇಕಾಗಿ ಬಂದಾಗ ಹಿಂದೆ ಸರಿಯುವವರು ಕಡಿಮೆಯಿಲ್ಲ. ಗುಜ್ರಾಲ್ ಸಂಪುಟವೂ, ವಾಜಪೇಯಿ ಸಂಪುಟವೂ ಕಡತ ಹಿಂದೆ ಬಂದಾಗ ಅದನ್ನು ಅಲ್ಲಿಗೇ ಬಿಟ್ಟವು. ವಾಜಪೇಯಿ ಸರ್ಕಾರ ಬಿಹಾರದಲ್ಲಿ ಆ ಕ್ರಮಕ್ಕೆ ಮುಂದಾಗಲು 1999ರ ಫೆಬ್ರುವರಿವರೆಗೆ ಕಾಯಬೇಕಾಯಿತು.